ಐದು ಭಾಷೆಗಳಲ್ಲಿ ಸುಮ್ಮನಿರುವ ಮಗಳು

ನಮ್ಮ ಮಗಳಿಗೆ ಆರು ವರ್ಷ, ಮಾತು ಬರುವುದಿಲ್ಲ. ನನಗೆ ಮೂವತ್ತೆಂಟು, ಮಾತು ನಿಲ್ಲುವುದಿಲ್ಲ. ನಮ್ಮಿಬ್ಬರ ನಡುವೆ ಸಿಕ್ಕಿಕೊಂಡಿರುವ ನನ್ನ ಗಂಡ ಮೀನಾ ಸಲ್ಮಾನ್ ಬಂದರಿನ ಗೋದಾಮೊಂದರಲ್ಲಿ ಸ್ಟೋರ್ ಕೀಪರ್. ಲೇಬಲ್ ಅಂಟಿಸಿದ ವಸ್ತು ಯಾವತ್ತೂ ಕಳೆದುಹೋಗುವುದಿಲ್ಲ ಎಂದು ನಂಬಿದವರು. ಇಂಥ ಮೂವರು ಹೂರಾ ಎಂಬ ಬಡಾವಣೆಯ ಫ್ಲಾಟೊಂದರಲ್ಲಿ ಕೂತು, ಮಗಳಿಗೆ ಸರಿಯಾದ ಶಾಲೆ ಎಲ್ಲಿದೆ, ಥೆರಪಿ ಎಲ್ಲಿದೆ, ನಮ್ಮ ಕಷ್ಟ ಅರ್ಥವಾಗುವ ನಾಲ್ಕು ಜನ ಎಲ್ಲಿದ್ದಾರೆ ಎಂದು ಬಹರೈನ್ ತುಂಬ ಹುಡುಕಲು ಹೊರಟರೆ ಏನೇನು ಆಗಬೇಕೋ ಅದೆಲ್ಲ ಆಗಿದೆ, ಆಗುತ್ತಲೂ ಇದೆ. ನಮ್ಮನ್ನು ಸಮಾಧಾನ ಮಾಡಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕು ಹೋಗುತ್ತಾರೆ. ಕೆಲವರು ಮತ್ತೆ ಬರುತ್ತಾರೆ, ಸಮಾಧಾನ ಮಾಡಲು ಅಲ್ಲ.

೧. ಬಜೆ

ಮೊದಲು ಬಂದದ್ದು ಸಲಹೆಗಳು. ಇಲ್ಲಿ ವಾರದ ರಜೆ ಶುಕ್ರವಾರ, ಚರ್ಚಿಗೆ ಹೋಗುವುದೂ ಅಂದೇ. ಪೂಜೆ ಮುಗಿಸಿ ಹೊರಗೆ ಕಾಲಿಟ್ಟರೆ ಕನಿಷ್ಠ ಮೂರು ಸಲಹೆ ನನಗಾಗಿ ಕಾದು ನಿಂತಿರುತ್ತಿದ್ದವು. ಒಬ್ಬರು ಮಗುವಿಗೆ ಮೊಬೈಲ್ ಕೊಡಬೇಡಿ ಎಂದರು. ಇನ್ನೊಬ್ಬರು ಮೊಬೈಲ್ ಕೊಡಿ, ಅದನ್ನು ನೋಡಿಯೇ ಮಾತು ಕಲಿಯುತ್ತಾಳೆ ಎಂದರು. ಅವಳಿಗೆ ಆಟಿಸಂ, ಡಾಕ್ಟರು ಹೇಳಿ ವರ್ಷಗಳೇ ಆದವು ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ "ಡಾಕ್ಟರಿಗೆ ಎಂತ ಗೊತ್ತುಂಟು" ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು.

ಒಬ್ಬ ಆಂಟಿ ಮಾತ್ರ ಬರಿಗೈಯಲ್ಲಿ ಬರಲಿಲ್ಲ. ಮಂಗಳೂರಿನಿಂದ ಬಜೆ ತರಿಸಿ, ಜೊತೆಗೆ ತಮ್ಮ ಗಂಡನನ್ನೂ ಕರೆದುಕೊಂಡು ಮನೆಗೇ ಬಂದರು.

"ಇದನ್ನು ತೇದು ನಾಲಿಗೆಗೆ ಹಚ್ಚು. ಬೇಕಾದರೆ ಇವರನ್ನೇ ನೋಡು. ಐದು ವರ್ಷದವರೆಗೆ ಒಂದು ಶಬ್ದ ಆಡಿದವರಲ್ಲ. ಇವರ ಅಮ್ಮ ಬಜೆ ಹಚ್ಚಿದ್ದೇ ಹಚ್ಚಿದ್ದು, ಮಾತು ಬಂತು."

ನಾನು ಅಂಕಲ್ ಕಡೆ ತಿರುಗಿದೆ. "ಹೌದಾ ಅಂಕಲ್? ಈಗ ಹೇಗೆ?"

ಅಂಕಲ್ ಬಾಯಿ ತೆರೆದರು.

"ಈಗ ಭಾರೀ ಚಂದ ಮಾತಾಡ್ತಾರೆ," ಎಂದರು ಆಂಟಿ.

ಅಂಕಲ್ ಬಾಯಿ ಮುಚ್ಚಿ ತಲೆಯಾಡಿಸಿದರು.

೨. ಭಾಷೆಯ ಕಾಲಂ

ನಿಜವಾದ ಸಹಾಯ ಸಿಕ್ಕಿದ್ದು ನಮ್ಮ ಕಟ್ಟಡದ ಲಿಫ್ಟಿನಲ್ಲಿ. ಮಗಳು ಎಂದಿನಂತೆ ಅಷ್ಟೂ ಗುಂಡಿಗಳನ್ನು ಒತ್ತಿದ್ದರಿಂದ ನಾವು ಏಳು ಮಹಡಿಯಲ್ಲೂ ನಿಂತು ನಿಂತು ಇಳಿಯುತ್ತಿದ್ದೆವು. ಜೊತೆಗೆ ಮೇಲಿನ ಮನೆಯ ಅಕ್ಕ ಇದ್ದರು. ಉಳ್ಳಾಲದ ಕಡೆಯ ಬ್ಯಾರಿ ಕುಟುಂಬ, ಅವರ ಮಗನಿಗೆ ಡೌನ್ ಸಿಂಡ್ರೋಮ್. ಉಳಿದವರ ಹಾಗೆ ಗಡಿಯಾರ ನೋಡಿಕೊಂಡು ನಿಟ್ಟುಸಿರು ಬಿಡದೆ, "ಎಷ್ಟು ವರ್ಷ? ಥೆರಪಿಗೆ ಎಲ್ಲಿ ಹೋಗ್ತೀರಿ?" ಎಂದು ಕೇಳಿದರು.

ಎರಡು ವರ್ಷದಲ್ಲಿ ಯಾರೂ ಹೇಳದ್ದನ್ನು ಆ ಅಕ್ಕ ಏಳು ಮಹಡಿ ಇಳಿಯುವಷ್ಟರಲ್ಲಿ ಹೇಳಿಕೊಟ್ಟರು. ಯಾವ ವರದಿ ಬೇಕು, ಅದನ್ನು ಅರಬಿಗೆ ಎಲ್ಲಿ ಅನುವಾದ ಮಾಡಿಸಬೇಕು, ನಮ್ಮಂಥ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಸೇರುವುದು ಹೇಗೆ, ಎಲ್ಲ. ಅವರ ಮಗ ಹೋಗುವ ಕಲಿಕಾ ಕೇಂದ್ರದಲ್ಲಿ ಒಂದೇ ಒಂದು ಸೀಟು ಉಳಿದಿದೆ ಎಂದೂ ಹೇಳಿದರು. ಆದರೆ ಅದಕ್ಕೊಂದು ಷರತ್ತು. ಮಾತು ಬರದಿದ್ದರೂ ಪರವಾಗಿಲ್ಲ, ತನಗೆ ಬೇಕಾದ್ದನ್ನು ಮಗು ತಾನಾಗಿ ಕೇಳಬೇಕು. ಕೈ ತೋರಿಸಿಯೋ, ಚಿತ್ರ ಕೊಟ್ಟೋ, ಹೇಗಾದರೂ ಸರಿ. ಕೇಳದಿದ್ದರೆ ಮುಂದಿನ ವರ್ಷ ಬನ್ನಿ ಎನ್ನುತ್ತಾರೆ.

ಆ ಸೀಟು ನಮಗೆ ಬೇಕೇ ಬೇಕಿತ್ತು. ಮಗಳು ಇನ್ನೊಂದು ವರ್ಷ ಮನೆಯೊಳಗೆ ಗೋಡೆ ನೋಡುತ್ತ ಕೂತಿರುವುದನ್ನು ನೋಡುವ ಶಕ್ತಿ ನನ್ನಲ್ಲಿರಲಿಲ್ಲ.

ಅರ್ಜಿ ತುಂಬಲು ನನ್ನ ಗಂಡ ಕೂತರು. ಮಗು ಮಾತಾಡುವ ಭಾಷೆಗಳು ಎಂಬ ಕಾಲಂ ಬಂತು. ಕೊಂಕಣಿ, ತುಳು, ಕನ್ನಡ, ಇಂಗ್ಲಿಷ್, ಹಿಂದಿ ಎಂದು ದುಂಡಗೆ ಬರೆದರು.

"ಎಂತ ಮಾರಾಯ್ರೆ, ಅವಳು ಒಂದನ್ನೂ ಮಾತಾಡುವುದಿಲ್ಲ."

"ಕೊಂಕಣಿಯಲ್ಲಿ ಬೈದರೆ ಅವಳಿಗೆ ಗೊತ್ತಾಗ್ತದೆ. ತುಳುವಿನಲ್ಲಿ ಊಟಕ್ಕೆ ಕರೆದರೆ ಬರ್ತಾಳೆ. ಕಾಲಂ ಖಾಲಿ ಬಿಟ್ಟರೆ ಅವರು ಎಂತ ತಿಳ್ಕೊಳ್ಳಿಕ್ಕಿಲ್ಲ?"

"ಹಾಗಂತ ಸುಳ್ಳು ಬರೀಬೇಡಿ."

ಸ್ಟೋರ್ ಕೀಪರ್ ಸುಳ್ಳು ಬರೆಯುವ ಜಾತಿಯಲ್ಲ. ಸ್ವಲ್ಪ ಯೋಚಿಸಿ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದರು: 'ಈ ಐದೂ ಭಾಷೆಗಳಲ್ಲಿ ಸುಮ್ಮನಿರುತ್ತಾಳೆ.'

೩. ಕಾರ್ಡು ಕಲಿತವರು

ಕೇಂದ್ರದ ಸಂದರ್ಶನಕ್ಕೆ ಇನ್ನೂ ಆರು ವಾರ ಇತ್ತು. ಕೇಳುವುದನ್ನು ಕಲಿಸಲು ಮಗಳ ಥೆರಪಿಸ್ಟ್ ಚಿತ್ರದ ಕಾರ್ಡುಗಳನ್ನು ಹೇಳಿಕೊಟ್ಟರು. ಜ್ಯೂಸು ಬೇಕಾದರೆ ಮಗು ಜ್ಯೂಸಿನ ಚಿತ್ರವಿರುವ ಕಾರ್ಡನ್ನು ನಮ್ಮ ಕೈಗೆ ಕೊಡಬೇಕು, ಆಗ ನಾವು ಜ್ಯೂಸು ಕೊಡಬೇಕು. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕು. ಈ ಕೊನೆಯ ಮಾತನ್ನು ಹೇಳುವಾಗ ಅವರು ನನ್ನನ್ನೇ ನೋಡಿದರು.

ಕಾರ್ಡು ಎಂದ ಕೂಡಲೇ ನನ್ನ ಗಂಡನಿಗೆ ಹಬ್ಬ. ಗೋದಾಮಿನಲ್ಲಿ ಲ್ಯಾಮಿನೇಷನ್ ಮಾಡಿಸಿ ನೂರಾರು ತಂದರು. ಅದೇ ಉತ್ಸಾಹದಲ್ಲಿ ಮೇಜಿಗೆ ಮೇಜಿನ ಚಿತ್ರ, ಫ್ರಿಜ್ಜಿಗೆ ಫ್ರಿಜ್ಜಿನ ಚಿತ್ರ ಅಂಟಿಸಿದರು. ಕಪಾಟಿಗೆ 'ಈ ಬದಿ ಮೇಲೆ' ಎಂಬ ಬಾಣದ ಗುರುತನ್ನೂ ಹಾಕಿದರು. ಕಪಾಟು ಹತ್ತು ವರ್ಷದಿಂದ ಅದೇ ಬದಿ ಮೇಲೆ ಮಾಡಿಕೊಂಡೇ ನಿಂತಿತ್ತು.

ಮೂರು ವಾರ ನಾನು ಜ್ಯೂಸಿನ ಪ್ಯಾಕೆಟ್ ಹಿಡಿದು, ತುಟಿ ಬಿಗಿದು ಕಾದೆ. ಮಗಳು ನನ್ನನ್ನು ನೋಡಿದಳು, ಪ್ಯಾಕೆಟ್ ನೋಡಿದಳು, ಸ್ಟೂಲು ಎಳೆದುಕೊಂಡು ಹೋಗಿ ಫ್ರಿಜ್ಜಿನಿಂದ ಇನ್ನೊಂದು ಪ್ಯಾಕೆಟ್ ತೆಗೆದುಕೊಂಡಳು. ತನ್ನ ಕೆಲಸ ತಾನೇ ಮಾಡಿಕೊಳ್ಳುವವಳು ಯಾರನ್ನಾದರೂ ಯಾಕೆ ಕೇಳಬೇಕು?

ಒಂದು ಸಂಜೆ ಕ್ರಿಕೆಟ್ ನೋಡುತ್ತಿದ್ದ ನನ್ನ ಗಂಡ, ಟಿವಿಯಿಂದ ಕಣ್ಣು ತೆಗೆಯದೆ, ನನ್ನ ಕೈಗೆ ಚಹಾದ ಕಾರ್ಡು ಕೊಟ್ಟರು. ನಾನು 'ಕಾಯಿರಿ' ಕಾರ್ಡು ವಾಪಸ್ ಕೊಟ್ಟೆ.

ಮರುವಾರ ಥೆರಪಿಸ್ಟ್ ಪ್ರಗತಿ ಹೇಗಿದೆ ಎಂದು ಕೇಳಿದರು.

"ಮನೆಯಲ್ಲಿ ಒಬ್ಬರು ಚೆನ್ನಾಗಿ ಕಲಿತಿದ್ದಾರೆ ಮೇಡಂ," ಎಂದೆ. "ನಲವತ್ತೆರಡು ವರ್ಷದವರು."

೪. ಚೆಂಡು ತರಿಸಿದ ಜ್ಯೂಸು

ಇಲ್ಲಿ ಯಾರಾದರೂ ಕೆಲಸ ಬಿಟ್ಟು ಊರಿಗೆ ಹೊರಟರೆಂದರೆ ಅವರ ಸೋಫಾ, ಮಂಚ ಎಲ್ಲ ಇನ್ನೊಬ್ಬರ ಮನೆ ಸೇರುತ್ತವೆ. ನಮ್ಮ ಅಮ್ಮಂದಿರ ಗುಂಪಿನಲ್ಲೂ ಅದೇ ಪದ್ಧತಿ, ಸಾಮಾನು ಮಾತ್ರ ಬೇರೆ. ಗಾಲಿಕುರ್ಚಿ, ನಡೆಯಲು ಕಲಿಸುವ ಚೌಕಟ್ಟು, ಮಗುವನ್ನು ಶಾಂತವಾಗಿಸುವ ಭಾರದ ಹೊದಿಕೆ. ಒಂದು ಮಗುವಿಗೆ ಚಿಕ್ಕದಾದದ್ದು ಇನ್ನೊಂದು ಮಗುವಿಗೆ ಹೋಗುತ್ತದೆ, ಯಾರೂ ದುಡ್ಡಿನ ಮಾತೆತ್ತುವುದಿಲ್ಲ. ಹೀಗೆ ಸೇತುವೆಯಾಚೆಯ ಅರಾದ್ ಊರಿನ ಒಂದು ಕುಟುಂಬ ಹೊರಟಾಗ ಅವರ ಥೆರಪಿ ಚೆಂಡು ನಮ್ಮ ಪಾಲಿಗೆ ಬಂತು. ನನ್ನ ಸೊಂಟದೆತ್ತರದ ರಬ್ಬರ್ ಚೆಂಡು.

ಗಾಳಿ ತೆಗೆದು ಮಡಚಿ ಒಯ್ಯೋಣ ಎಂದೆ.

"ಮತ್ತೆ ತುಂಬಿಸಲಿಕ್ಕೆ ಪಂಪು ಉಂಟಾ? ತುಂಬಿದ ಸರಕು ತುಂಬಿದ ಹಾಗೆಯೇ ಹೋಗಬೇಕು," ಎಂದು ಸ್ಟೋರ್ ಕೀಪರ್ ಚೆಂಡನ್ನು ತಮ್ಮ ಪಕ್ಕದ ಸೀಟಿಗೆ ತುರುಕಿ ಬೆಲ್ಟು ಹಾಕಿದರು. ನಾನು ಮಗಳ ಜೊತೆ ಹಿಂದೆ ಕೂತೆ.

ಸೇತುವೆ ದಾಟಿ ಹೂರಾಕ್ಕೆ ಬರುವವರೆಗೆ ಚೆಂಡು ಮರ್ಯಾದೆಯಿಂದಿತ್ತು. ನಮ್ಮ ಓಣಿಗೆ ತಿರುಗಿದ ಕೂಡಲೇ ಬೆಲ್ಟಿನಿಂದ ಜಾರಿ ನನ್ನ ಗಂಡನ ಮೇಲೆ ಬಿತ್ತು. ಅವರು ಬ್ರೇಕ್ ಹಾಕಿದರು. ಚೆಂಡು ಅವರನ್ನು ಸ್ಟಿಯರಿಂಗಿಗೆ ಒತ್ತಿತು. ಹಾರ್ನ್ ಎರಡು ಸಲ ಹೊಡೆಯಿತು.

ಕಾರು ನಿಂತಿದ್ದು ಒಂದು ಕೋಲ್ಡ್ ಸ್ಟೋರಿನ ಎದುರು. ಕೋಲ್ಡ್ ಸ್ಟೋರ್ ಎಂದರೆ ನಮ್ಮೂರಿನ ಜಿನಸಿ ಅಂಗಡಿಯೇ. ಆದರೆ ಇಲ್ಲಿ ಗಿರಾಕಿಗಳು ಕಾರಿನಿಂದ ಇಳಿಯುವುದಿಲ್ಲ. ಎದುರಿಗೆ ನಿಲ್ಲಿಸಿ ಎರಡು ಸಲ ಹಾರ್ನ್ ಹೊಡೆದರೆ ಅಂಗಡಿಯವರೇ ಕಿಟಕಿಗೆ ಬಂದು, ಬೇಕಾದ್ದು ಕೇಳಿ ತಂದುಕೊಡುತ್ತಾರೆ. ಕರಕ್ ಎಂಬ ಗಟ್ಟಿ ಹಾಲಿನ ಚಹಾವನ್ನೂ ನನ್ನ ಗಂಡ ದಿನಾ ಕುಡಿಯುವುದು ಹೀಗೆಯೇ, ಸೀಟಿನಿಂದ ಏಳದೆ.

ನರೆತ ಮೀಸೆಯ ಮಲಯಾಳಿ ಅಂಗಡಿಯವರು ಹೊರಗೆ ಬಂದರು. ಚೆಂಡಿನ ಅಡಿಯಿಂದ ಕಾಣುತ್ತಿದ್ದ ಅರ್ಧ ಮುಖವನ್ನು ನೋಡಿಯೂ ಏನೂ ಆಗಿಲ್ಲದ ಹಾಗೆ, ಹಿಂದಿಯಲ್ಲಿ ಏನು ಬೇಕು ಎಂದು ಕೇಳಿದರು. ಹಾರ್ನ್ ಹೊಡೆದದ್ದು ಚೆಂಡು ಎಂದು ಹೇಳಲು ನಾಚಿಕೆಯಾಗಿ ನನ್ನ ಗಂಡ ಒಂದು ಮಾವಿನ ಜ್ಯೂಸು ಹೇಳಿದರು. ಅಂಗಡಿಯವರು ಪ್ಯಾಕೆಟ್ ತಂದು, ಸ್ಟ್ರಾ ಚುಚ್ಚಿ, ಮಗಳ ಕೈಗೆ ಕೊಟ್ಟರು. ಅವಳು ಕೇಕೆ ಹಾಕಿ ನಕ್ಕಳು. ಚೆಂಡು ನೋಡಿ ನಗುತ್ತಿದ್ದಾಳೆ ಎಂದುಕೊಂಡೆವು.

"ಇನ್ನೇನಾದರೂ ಬೇಕಾ?" ಎಂದರು ಅಂಗಡಿಯವರು.

"ಈ ಚೆಂಡನ್ನು ಸ್ವಲ್ಪ ಆಚೆ ತಳ್ಳಿ," ಎಂದರು ನನ್ನ ಗಂಡ.

೫. ರಿಹರ್ಸಲ್

ಸಂದರ್ಶನದ ಹಿಂದಿನ ದಿನ ಮೇಲಿನ ಮನೆಯ ಅಕ್ಕ ಅಭ್ಯಾಸ ಮಾಡಿಸಲು ಬಂದರು. ತಾವೇ ಕೇಂದ್ರದ ಮುಖ್ಯಸ್ಥೆ ಎಂದು ಗಂಭೀರವಾಗಿ ಕೂತು, ಬಿಸ್ಕೆಟ್ ಎತ್ತಿ ಹಿಡಿದು, ಮಗಳನ್ನು "ನಿನಗೆ ಎಂತ ಬೇಕು?" ಎಂದು ಕೇಳಿದರು.

"ಬಿಸ್ಕೆಟ್," ಎಂದೆ ನಾನು, ತಡೆಯಲಾಗದೆ.

ಅಕ್ಕ ನನ್ನನ್ನು ದುರುಗುಟ್ಟಿ ನೋಡಿ ಮತ್ತೆ ಕೇಳಿದರು. ಈ ಸಲ ನನ್ನ ಗಂಡ ಮೆಲ್ಲಗೆ ಬಿಸ್ಕೆಟ್ ಕಾರ್ಡನ್ನು ಮುಂದೆ ಸರಿಸಿದರು. ಮಗಳು ಫ್ಯಾನು ನೋಡುತ್ತಿದ್ದಳು.

ಅಕ್ಕ ಬಿಸ್ಕೆಟನ್ನು ತಾವೇ ತಿಂದರು. "ನಿಮಗಿಬ್ಬರಿಗೂ ನಾಳೆ ಸೀಟು ಗ್ಯಾರಂಟಿ," ಎಂದರು. "ಮಗುವಿನದ್ದೇ ಡೌಟು."

೬. ಕಿಟಕಿಗೆ ಬಂದವರು

ಕೇಂದ್ರದ ನಿಜವಾದ ಮುಖ್ಯಸ್ಥೆ ಬಹರೈನಿ ಹೆಂಗಸು. ಮೈ ಮುಚ್ಚುವ ಕಪ್ಪು ಅಬಾಯ, ದಪ್ಪ ಕನ್ನಡಕ, ನಗುವಿನ ಸುಳಿವಿಲ್ಲದ ಮುಖ. ಅರ್ಜಿ ಓದುತ್ತ ಐದು ಭಾಷೆಯ ಸಾಲಿಗೆ ಬಂದು ನಿಂತರು, ನನ್ನ ಗಂಡನನ್ನು ಒಮ್ಮೆ ನೋಡಿದರು, ಪುಟ ತಿರುಗಿಸಿದರು.

ಆಮೇಲೆ ಮಾವಿನ ಜ್ಯೂಸಿನ ಪ್ಯಾಕೆಟನ್ನು ಮಗಳ ಕಣ್ಣಿಗೆ ಬೀಳುವಂತೆ ಎತ್ತರದ ಶೆಲ್ಫಿನಲ್ಲಿಟ್ಟು, ಮೇಜಿನ ಮೇಲೆ ಮೂರು ಕಾರ್ಡು ಹರಡಿ ಕಾದು ಕೂತರು. ಮಗಳು ಜ್ಯೂಸಿನ ಕಾರ್ಡನ್ನು ಎತ್ತಿಕೊಂಡಳು. ನಾನು ಕುರ್ಚಿಯ ಅಂಚಿಗೆ ಸರಿದೆ. ಆದರೆ ಅವಳು ಅದನ್ನು ಯಾರಿಗೂ ಕೊಡಲಿಲ್ಲ. ಮುಷ್ಟಿಯಲ್ಲಿ ಹಿಡಿದುಕೊಂಡು ಕಿಟಕಿಯಾಚೆ ನಿಲ್ಲಿಸಿದ್ದ ನಮ್ಮ ಕಾರನ್ನು ನೋಡುತ್ತ ನಿಂತಳು. ಐದು ನಿಮಿಷ, ಹತ್ತು ನಿಮಿಷ, ಅಲ್ಲಿಂದ ಕದಲಲಿಲ್ಲ.

"ಮುಂದಿನ ವರ್ಷ ಕರೆದುಕೊಂಡು ಬನ್ನಿ," ಎಂದು ಮುಖ್ಯಸ್ಥೆ ಮೆಲ್ಲಗೆ ಇಂಗ್ಲಿಷಿನಲ್ಲಿ ಹೇಳಿದರು. ಅವರು ಮೆಲ್ಲಗೆ ಹೇಳಿದ್ದನ್ನೇ ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತೆ. ನನ್ನ ಗಂಡ ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಸೆಕೆಗೆ ಎಸಿ ಹಾಕಿ, ಬಿಸಿ ಗಾಳಿ ಹೋಗಲೆಂದು ಗಾಜು ಇಳಿಸಿ, ನನ್ನನ್ನು ಕರೆಯಲು ಬಂದರು.

ಆಗ ಹಾರ್ನ್ ಕೇಳಿಸಿತು. ಎರಡು ಸಲ.

ಮಗಳು ಮುಂದಿನ ಸೀಟಿಗೆ ಹಾರಿ ಸ್ಟಿಯರಿಂಗ್ ಹಿಡಿದಿದ್ದಳು. ನನ್ನ ಗಂಡ ಓಡಿಹೋಗಿ ಸೀಟಿಗೆ ನುಗ್ಗಿ ಅವಳನ್ನು ಮಡಿಲಿಗೆ ಎಳೆದುಕೊಂಡರು. ನಾನು ಕಣ್ಣು ಒರೆಸಿಕೊಂಡು ಇನ್ನೊಂದು ಬದಿಯಿಂದ ಹತ್ತಿದೆ. ಅಷ್ಟರಲ್ಲಿ ಅವಳು ಮತ್ತೆ ಹೊಡೆದಳು, ಎರಡು ಸಲ. ಕೇಂದ್ರದ ಬಾಗಿಲು ತೆರೆಯಿತು. ಮುಖ್ಯಸ್ಥೆ ಅಬಾಯ ಎತ್ತಿಕೊಂಡು ಬಿಸಿಲಿನಲ್ಲಿ ದಡದಡನೆ ಬರುತ್ತಿದ್ದರು. ಮಕ್ಕಳು ಕಲಿಯುವ ಜಾಗದಲ್ಲಿ ಹಾರ್ನ್ ಹೊಡೆದವರಿಗೆ ಏನು ಸಿಗಬೇಕೋ ಅದು ನಮಗೆ ಸಿಗಲಿದೆ ಎಂದುಕೊಂಡೆ. ಇನ್ನು ಮುಂದಿನ ವರ್ಷದ ಸೀಟೂ ಹೋಯಿತು.

ಅವರು ಕಿಟಕಿಗೆ ಬಂದು ಬಾಯಿ ತೆರೆಯುವ ಮೊದಲೇ ಮಗಳು ಅಪ್ಪನ ಮಡಿಲಿನಿಂದ ಕೈ ಹೊರಗೆ ಚಾಚಿ, ಮುಷ್ಟಿ ಬಿಡಿಸಿ, ಬೆವರಿನಲ್ಲಿ ಒದ್ದೆಯಾದ ಜ್ಯೂಸಿನ ಕಾರ್ಡನ್ನು ಅವರ ಕೈಗೆ ಕೊಟ್ಟಳು. ನೇರ ಅವರ ಕಣ್ಣು ನೋಡಿದಳು. ನಮ್ಮ ಮಗಳು ಯಾರ ಕಣ್ಣನ್ನೂ ನೋಡುವವಳಲ್ಲ.

ಮುಖ್ಯಸ್ಥೆ ಕಾರ್ಡು ನೋಡಿದರು. ತಿರುಗಿ ಒಳಗೆ ಹೋದರು, ಶೆಲ್ಫಿನಲ್ಲಿದ್ದ ಪ್ಯಾಕೆಟ್ ಹಿಡಿದುಕೊಂಡು ಬಂದರು, ಕಿಟಕಿಯಿಂದ ಒಳಗೆ ಕೊಟ್ಟರು. ಮಗಳು ಅದನ್ನು ತಿರುಗಿಸಿ ನೋಡಿ ಅವರಿಗೇ ವಾಪಸ್ ಕೊಟ್ಟಳು. ಮುಖ್ಯಸ್ಥೆ ಒಂದು ಕ್ಷಣ ಯೋಚಿಸಿ, ಸ್ಟ್ರಾ ಚುಚ್ಚಿ, ಮತ್ತೆ ಕೊಟ್ಟರು. ಈಗ ಸರಿಯಾಯಿತು. ಮಗಳು ಕುಡಿಯತೊಡಗಿದಳು.

ಮುಖ್ಯಸ್ಥೆ ಕಿಟಕಿಗೆ ಬಗ್ಗಿ, ಮಗಳ ಮುಖವನ್ನೇ ನೋಡುತ್ತ, "ಇನ್ನೇನಾದರೂ ಬೇಕಾ?" ಎಂದು ಕೇಳಿದರು.

ಆ ಸೀಟಿನಲ್ಲಿ ಕೂತು, ಇಳಿಸಿದ ಗಾಜಿನ ಪಕ್ಕ ಈ ಪ್ರಶ್ನೆಯನ್ನು ನನ್ನ ಗಂಡ ಎಷ್ಟು ಸಾವಿರ ಸಲ ಕೇಳಿಸಿಕೊಂಡಿದ್ದಾರೋ ಏನೋ. ಅವರ ಬಾಯಿ ತಾನಾಗಿಯೇ ಉತ್ತರ ಕೊಟ್ಟಿತು.

"ಎರಡು ಕರಕ್. ಒಂದಕ್ಕೆ ಸಕ್ಕರೆ ಕಡಿಮೆ."

ಭೂಮಿ ಬಾಯಿ ಬಿಟ್ಟಿದ್ದರೆ ನಾನು ಕಾರು ಸಮೇತ ಒಳಗೆ ಹೋಗುತ್ತಿದ್ದೆ. ಮುಖ್ಯಸ್ಥೆ ಕನ್ನಡಕ ತೆಗೆದರು, ಅಬಾಯದ ತುದಿಯಿಂದ ಕಣ್ಣು ಒತ್ತಿಕೊಂಡರು. ಅವರು ನಗುತ್ತಿದ್ದಾರೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಕರಕ್ ಇಲ್ಲ," ಎಂದರು. "ಸೀಟು ಒಂದಿದೆ. ಆಗಬಹುದಾ?"

ನನಗೆ ಮಾತು ಬರಲಿಲ್ಲ. ಐದು ಭಾಷೆಗಳಲ್ಲಿ ಒಂದರಲ್ಲೂ ಬರಲಿಲ್ಲ. ನನ್ನ ಗಂಡನಿಗೂ ಅದೇ ಅವಸ್ಥೆ. ಮಗಳು ಬಾಯಿಂದ ಸ್ಟ್ರಾ ತೆಗೆಯದೆ, ಖಾಲಿಯಿದ್ದ ಕೈಯನ್ನು ಸ್ಟಿಯರಿಂಗಿಗೆ ಚಾಚಿ ಉತ್ತರ ಕೊಟ್ಟಳು.

ಎರಡು ಸಲ.