ಅತ್ತೆಯ ನೋಟ್‌ಬುಕ್ಕಿನಲ್ಲಿ ಇಲ್ಲದ ಕಾರು

ನನ್ನ ಸೋದರಮಾವ ಹೆಂಡತಿಯನ್ನು ಕೇಳದೆ ಒಂದು ನಟ್ಟನ್ನೂ ಬಿಚ್ಚುವವರಲ್ಲ. ಅದರಲ್ಲೇನು ವಿಶೇಷ, ನಮ್ಮ ಮನೆಯಲ್ಲೂ ಹಾಗೇ ಎನ್ನುತ್ತೀರಾ? ನಾನು ಹೇಳುತ್ತಿರುವ ಹೊತ್ತಿಗೆ ಅತ್ತೆ ತೀರಿಕೊಂಡು ಎರಡು ವರ್ಷವಾಗಿತ್ತು.

ಚಾಮರಾಜಪೇಟೆಯ ಮನೆಯ ಹಿಂದಿನ ಶೆಡ್ಡೇ ಮಾವನ ಗ್ಯಾರೇಜು. ಮಾವನಿಗೆ ಇಂಗ್ಲಿಷ್ ಬಾರದು. ಕಾರುಗಳ ರಿಪೇರಿ ಪುಸ್ತಕಗಳಿಗೆ ಕನ್ನಡ ಬಾರದು. ನಡುವೆ ಇದ್ದವರು ಮಿಡ್ಲ್ ಸ್ಕೂಲಿನಲ್ಲಿ ಮೇಡಂ ಆಗಿದ್ದ ಅತ್ತೆ. ಕಾರಿಗೊಂದು ಪುಟದಂತೆ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದರು. ಅಂಚಿನಲ್ಲಿ, ಕೆಂಪು ಇಂಕಿನಲ್ಲಿ, ಗಂಡನಿಗೆ ಬೈಗುಳ. ರಿಪೇರಿಯಾದ ಕಾರು ಶೆಡ್ಡಿನಿಂದ ಹಿಂದಕ್ಕೆ ಬರುವಾಗ ಅಂಗಳದಲ್ಲಿ ನಿಂತು, ಕೈ ಎತ್ತಿ, "ಬರ್ಲಿ, ಬರ್ಲಿ" ಎನ್ನುತ್ತಿದ್ದವರೂ ಅವರೇ. ಅವರು ಹೋದ ಮೇಲೆ ಮಾವ ಏನು ಕೇಳಬೇಕಿದ್ದರೂ ಆ ನೋಟ್‌ಬುಕ್ ತೆರೆದು ಕೇಳುತ್ತಿದ್ದರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ದೆವ್ವ, ಜ್ಯೋತಿಷ್ಯ ಎರಡನ್ನೂ ಸೋಲಿಸಿ ಕಪ್ ತಂದಿದ್ದ ನನಗೆ ಆ ನೋಟ್‌ಬುಕ್ಕಿನ ಮೇಲೆ ಮೊದಲಿನಿಂದಲೂ ಅನುಮಾನ. ಒಂದು ದಿನ ಮಾವ ತೆರೆದ ಪುಟದಲ್ಲಿ, ಬ್ರೇಕಿನ ವಿವರದ ಅಂಚಿಗೆ, "ಹಾಲು ಉಕ್ತಾ ಇದೆ, ಹೋಗಿ ನೋಡಿ" ಎಂದಿತ್ತು. ಮಾವ ಓಡಿದರು. ಉಕ್ಕುತ್ತಿತ್ತು.

"ನೀವು ದಿನಾ ಹಾಲಿಟ್ಟು ಮರೀತೀರಿ ಮಾವ. ಯಾವ ಪುಟದಲ್ಲಿ ಬರೆದ್ರೂ ಸರಿಹೋಗತ್ತೆ."

"ಹೌದೌದು ವಕೀಲಮ್ಮ. ನೀನೂ ಒಂದು ಬರಿ, ನೋಡೋಣ."

ಮರುದಿನ, ಪರೀಕ್ಷೆಗೆಂದೇ, ಒಲೆಯ ಮೇಲೆ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅದೇ ಪುಟ ತೆರೆದೆ. ಗೆದ್ದೆನೆಂದು ಅಡುಗೆಮನೆಗೆ ಹೋದರೆ ಗ್ಯಾಸಿನ ವಾಸನೆ. ನಾಬ್ ಅರ್ಧ ತಿರುಗಿತ್ತು. ಆಕಸ್ಮಿಕ ಎಂದು ತೀರ್ಮಾನಿಸಿದೆ. ನಾಬನ್ನು ಮೂರು ಸಲ ಮುಟ್ಟಿ ನೋಡಿದೆ, ಅದು ಬೇರೆ ವಿಷಯ.

ಆಮೇಲೆ ಬಂತು ಶಂಕರಪುರದ ಡಾಕ್ಟರಮ್ಮನ ಹೊಸ ಕಾರು. ಹಿಂದೆ ಪೆಟ್ಟು ಬಿದ್ದು ಬಂಪರ್ ಬದಲಾಗಿತ್ತು. ಹಿಂದೆ ಏನಾದರೂ ಅಡ್ಡವಿದ್ದರೆ ಬೀಪ್ ಎನ್ನುವ ರಿವರ್ಸ್ ಸೆನ್ಸರ್‌ಗಳನ್ನು ಮತ್ತೆ ಅಳತೆಗೆ ಕೂರಿಸಬೇಕಿತ್ತು. ನೋಟ್‌ಬುಕ್ಕಿನಲ್ಲಿ ಆ ಕಾರಿನ ಪುಟವೇ ಇಲ್ಲ. ಇರುವುದಾದರೂ ಹೇಗೆ? ಆ ಕಾರು ಹುಟ್ಟಿದ್ದೇ ಅತ್ತೆ ಹೋದ ಮೇಲೆ!

"ಮೂರು ದಿನ ಆಯ್ತಲ್ರೀ. ಮನೇಲಿ ಮೊಮ್ಮಗ ಗಾಡಿ ಹಿಂದೇನೇ ಆಡ್ತಾನೆ. ಆಗಲ್ಲ ಅಂದ್ರೆ ಹೇಳ್ಬಿಡಿ," ಎಂದರು ಡಾಕ್ಟರಮ್ಮ.

"ನಮ್ಮನೆಯವಳನ್ನ ಕೇಳಿ ಹೇಳ್ತೀನಿ ತಾಯಿ."

ಅತ್ತೆಯ ವೈಕುಂಠ ಸಮಾರಾಧನೆಗೆ ಬಂದು ಊಟ ಮಾಡಿ ಹೋಗಿದ್ದ ಡಾಕ್ಟರಮ್ಮ ನನ್ನನ್ನು ನೋಡಿದರು. ನಾನು ಸ್ಪ್ಯಾನರ್ ನೋಡಿದೆ.

ಮಾವ ಪುಟ ತಿರುವುತ್ತಲೇ ಇದ್ದರು; ಮೊದಲಿನಿಂದ ಕೊನೆಗೆ, ಕೊನೆಯಿಂದ ಮೊದಲಿಗೆ. "ಇಷ್ಟು ದಿನ ಸುಮ್ನಿರೋಳಲ್ಲ ಕಣೇ ಅವಳು," ಎಂದರು. ಅವರ ಪಾಲಿಗೆ ಅತ್ತೆ ಸಾಯುತ್ತಿರುವುದು ಈಗ ಎಂದು ನನಗೆ ಹೊಳೆಯಿತು.

ಗಾಂಧಿಬಜಾರಿನ ಬ್ರೌಸಿಂಗ್ ಸೆಂಟರಿನಲ್ಲಿ ಎರಡು ಗಂಟೆ ಕೂತು ಹುಡುಕಿದೆ. ಸಿಕ್ಕಿದ್ದನ್ನು ಕನ್ನಡಕ್ಕೆ ತಂದು, ನೋಟ್‌ಬುಕ್ಕಿನ ಕೊನೆಯ ಖಾಲಿ ಹಾಳೆಯಲ್ಲಿ ಅತ್ತೆಯ ಓರೆ ಅಕ್ಷರದಲ್ಲೇ ಬರೆದೆ: "ಸೆನ್ಸರಿನ ಮೂತಿ ನೆಲ ನೋಡಬಾರದು. ಮೂರಿಂಚಿನ ಪೈಪನ್ನು ಒಂದು ಮೀಟರ್ ಹಿಂದೆ ನಿಲ್ಲಿಸಿ. ಆಗ ನಿಧಾನ ಬೀಪ್. ಒಂದಡಿಗೆ ಬಂದರೆ ಬಿಡದೆ ಬೀಪ್." ಅಂಚಿಗೆ, ಕೆಂಪಿನಲ್ಲಿ: "ಕನ್ನಡಕ ಹಣೆ ಮೇಲಿದೆ, ಕಣ್ಣಿಗೆ ಹಾಕ್ಕೊಳ್ಳಿ." ಸುಳ್ಳು ಸಾಕ್ಷ್ಯ ಸೃಷ್ಟಿಸಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಮಾವ ಓದಿದರು. ಹಣೆ ಮುಟ್ಟಿ ನೋಡಿಕೊಂಡರು. ಕನ್ನಡಕ ಕೆಳಗಿಳಿಸಿದರು.

"ಅಕ್ಷರ ನಿಂದು," ಎಂದರು. "ಬೈಗುಳ ಅವಳ್ದೇ."

ಸೆನ್ಸರ್‌ಗಳನ್ನು ಬರೆದಂತೆಯೇ ಕೂರಿಸಿ, ಕಾರು ಹತ್ತಿ, ರಿವರ್ಸ್ ಗೇರ್ ಹಾಕಿದರು. ಪೈಪ್ ಇನ್ನೂ ನನ್ನ ಕೈಯಲ್ಲೇ ಇತ್ತು. ನಾನು ಶೆಡ್ಡಿನ ಬಾಗಿಲ ಪಕ್ಕ ನಿಂತಿದ್ದೆ. ಕಾರಿನ ಹಿಂದೆ ಖಾಲಿ ಅಂಗಳ.

ಬೀಪ್. ಬೀಪ್. ನಿಧಾನಕ್ಕೆ. ಒಂದು ಮೀಟರ್ ದೂರದ್ದು.

"ಸೆನ್ಸರ್ ಮೇಲೆ ನೀರಿನ ಹನಿ ಇರತ್ತೆ ಮಾವ. ಇಲ್ಲಾ ಪೇಂಟ್ ದಪ್ಪ ಆಗಿರತ್ತೆ. ಇಲ್ಲಾ..."

"ಇರ್ಬೋದು. ಯಾವುದಕ್ಕೂ ಒಂದ್ಸಲ ನೀನೇ ಅವಳಿಗೆ ಹೇಳಿ ನೋಡು. ನಿನ್ನ ಮಾತು ಕೇಳ್ತಿದ್ಲು."

ನನ್ನ ಹತ್ತಿರ ಇನ್ನೂ ಎರಡು ವಾದಗಳಿದ್ದವು. ಅವನ್ನು ಬಿಟ್ಟು, ಖಾಲಿ ಅಂಗಳದ ಕಡೆ ತಿರುಗಿ, ಗಂಟಲು ಸರಿಮಾಡಿಕೊಂಡೆ.

"ಅತ್ತೆ, ಸ್ವಲ್ಪ ಪಕ್ಕಕ್ಕೆ."

ಸದ್ದು ನಿಂತಿತು.

ಹನಿಯೇ ಜಾರಿರಬೇಕು. ಮಾವ ಇಳಿದು ಬಂದು ನನ್ನ ಕೈಯಿಂದ ಪೈಪ್ ತೆಗೆದುಕೊಂಡರು. ಅತ್ತೆ ಕೈ ಎತ್ತಿ ನಿಲ್ಲುತ್ತಿದ್ದ ಆ ಜಾಗ ಬಿಟ್ಟು, ಒಂದು ಗೇಣು ಆಚೆಗೆ, ಯಾರ ಕಾಲಿಗೂ ತಾಗದಂತೆ ಮೆಲ್ಲಗೆ ನಿಲ್ಲಿಸಿದರು.