ಕಂಡಕ್ಟರನಿಗೊಂದು ಸೀಟು

ಬೇಯುತ್ತಿದ್ದ ಬೇಳೆಯೊಳಗೆ ಹೆಂಚಿನ ಚೂರೊಂದು ಬಿತ್ತು. ರಾದ್ಧಾಂತ ಶುರುವಾದದ್ದೇ ಅಲ್ಲಿಂದ.

ಎಂಟು ಮನೆ, ನಡುವೆ ಅಂಗಳ, ಎಂಟಕ್ಕೂ ಸೇರಿ ಒಂದೇ ಅಡುಗೆಮನೆ. ಇಪ್ಪತ್ತೆರಡು ವರ್ಷದ ಹಿಂದೆ ಎಂಟು ಸಂಸಾರ ಕೂಡಿ ಕಟ್ಟಿಕೊಂಡ ವಠಾರ ಅದು. ಅಡುಗೆಮನೆಯ ಗೋಡೆಗೆ 'ಬೇಕಾದಷ್ಟೇ ಸಾಕು' ಎಂದು ದಪ್ಪಕ್ಷರದಲ್ಲಿ ಬರೆಸಿದವರು ಹೆಡ್‌ಮೇಡಂ. ಅವರು ಶಾಲೆಯಿಂದ ನಿವೃತ್ತರಾಗಿದ್ದರು, ವಠಾರದಿಂದ ಆಗಿರಲಿಲ್ಲ. ಗೋಡೆಯ ಅಕ್ಷರ ವರ್ಷ ವರ್ಷ ಮಾಸಿತು, ಬೇಕಾದದ್ದು ಮಾತ್ರ ವರ್ಷ ವರ್ಷ ಬೆಳೆಯಿತು. ಈಗ ಅಡುಗೆಮನೆಯ ಛಾವಣಿ ಕುಸಿಯುವ ಹೊತ್ತಿಗೆ ಒಬ್ಬೊಬ್ಬರ ತಲೆಯ ಮೇಲೂ ಒಂದೊಂದು ಸಾಲದ ಕಂತು. ರಿಪೇರಿ ಆಗದಿದ್ದರೆ ಅಡುಗೆಮನೆಗೆ ಬೀಗ ಜಡಿದು, ಜಾಗ ಮಾರಿ, ಅವರವರ ದಾರಿ ಹಿಡಿಯುವುದೆಂದು ಸಭೆಯಲ್ಲಿ ತೀರ್ಮಾನವಾಗಿತ್ತು. ಆ ರಾತ್ರಿ ಯಾರೂ ಸರಿಯಾಗಿ ಉಂಡಿರಲಿಲ್ಲ.

ಸರಳವಾಗಿ ಬದುಕುವವರಿಗೆ ರಿಪೇರಿ ಹಣ ಕೊಡುವ ಸಂಸ್ಥೆಯೊಂದಿತ್ತು. ಹೆಡ್‌ಮೇಡಂ ಅರ್ಜಿ ಹಾಕಿದ್ದರು. ಸಂಸ್ಥೆಯ ಆಫೀಸರಮ್ಮ ಹನ್ನೊಂದಕ್ಕೆ ಬಂದು ಒಂದು ಮನೆ ನೋಡಿ ಹೋಗುತ್ತಾರೆಂದು ಆವತ್ತು ಬೆಳಿಗ್ಗೆ ಫೋನು ಬಂತು. ಗೇಟಿನ ಪಕ್ಕದ ಮನೆ ಕಂಡಕ್ಟರನದು; ತೋರಿಸುವುದು ಅದನ್ನೇ ಎಂದಾಯಿತು.

"ಕಂಡಕ್ಟ್ರೇ, ಆ ಕುರ್ಚಿ ಹೊರಗೆ ಹೋಗ್ಬೇಕು," ಎಂದರು ಹೆಡ್‌ಮೇಡಂ.

ಕಂಡಕ್ಟರ್ ಕುರ್ಚಿಗೆ ಅಡ್ಡ ನಿಂತ. ಮೂವತ್ತೆರಡು ವರ್ಷ ಬಸ್ಸಿನಲ್ಲಿ ನಿಂತೇ ಸಂಬಳ ತಿಂದ ಮನುಷ್ಯ. ಅವನ ಸೀಟಿನಲ್ಲಿ ದಿನವೂ ಯಾರೋ ಮುದುಕರೋ ಬಸುರಿಯೋ ಕೂತಿರುತ್ತಿದ್ದರು. ನಿವೃತ್ತಿಯ ಮರುದಿನವೇ ಹೋಗಿ, ಬೆನ್ನು ಒರಗಿಸಿದರೆ ಕಾಲು ತಾನಾಗಿ ಮೇಲೇಳುವ ಕುರ್ಚಿಯೊಂದನ್ನು ತಂದಿದ್ದ. ಹೆಂಡತಿಯನ್ನೂ ಅದರ ಮೇಲೆ ಕೂರಲು ಬಿಡುತ್ತಿರಲಿಲ್ಲ.

"ನೆಲದ ಮೇಲೇ ಕೂತು ಸಾಯ್ಬೇಕಾ ಮೇಡಂ?"

"ಸಾಯೋದೆಲ್ಲ ಮಧ್ಯಾಹ್ನದ ಮೇಲೆ. ಈಗ ಎತ್ತಿ."

ಕುರ್ಚಿ, ಫ್ರಿಜ್ಜು, ಟೀವಿ ಹಿಂಬಾಗಿಲಿನಿಂದ ಪಕ್ಕದ ಟೈಲರನ ಮನೆಗೆ ಹೋದವು. ಉಳಿದದ್ದು ಒಂದು ಚಾಪೆ, ಒಂದು ಹೂಜಿ. ಆ ಬೋಳು ಕೋಣೆಯಲ್ಲಿ ನಿಂತಾಗ ಕಂಡಕ್ಟರನಿಗೆ ಹಳೆಯದೆಲ್ಲ ನೆನಪಾಯಿತು. ವಠಾರ ಕಟ್ಟಿದ ಮೊದಲ ವರ್ಷ ಸೂರು ಹೊದಿಸಿದ್ದು ಈ ಒಂದು ಕೋಣೆಗೆ ಮಾತ್ರ. ಆ ಮಳೆಗಾಲವೆಲ್ಲ ಎಂಟು ಸಂಸಾರವೂ ಇಲ್ಲೇ ಮಲಗಿತ್ತು. ಇದ್ದದ್ದು ಒಂದು ಲಾಂದ್ರ, ಒಂದು ರೇಡಿಯೋ. ಟೈಲರ್ ಗೊರಕೆ ಹೊಡೆದರೆ ಹೆಡ್‌ಮೇಡಂ ಕತ್ತಲಲ್ಲೇ ಹಾಜರಿ ಕರೆದು ಎಬ್ಬಿಸುತ್ತಿದ್ದರು. ಮಗ್ಗುಲು ಬದಲಿಸುವುದಾದರೆ ಎಲ್ಲರೂ ಒಟ್ಟಿಗೇ ಬದಲಿಸಬೇಕು. ಅದಕ್ಕೆ ಸೀಟಿ ಊದುತ್ತಿದ್ದವನು ಕಂಡಕ್ಟರನೇ.

ಆಫೀಸರಮ್ಮ ಬಂದರು. ಛತ್ರಿಯನ್ನು ಮೂಲೆಗಿಟ್ಟು, ಚಾಪೆಯ ಮೇಲೆ ಕೂತು, ಹೂಜಿಯ ನೀರು ಕುಡಿದು, ಬಹಳ ಸಂತೋಷ ಎಂದರು. ಆಮೇಲೆ, ಬಂದದ್ದು ಬಂದಾಯಿತು, ಉಳಿದ ಏಳು ಮನೆಯನ್ನೂ ನೋಡಿಬಿಡುತ್ತೇನೆ ಎಂದು ಎದ್ದರು.

ಟೈಲರನ ಮುಖ ಬಿಳಿ ಅಸ್ತರಿನ ಬಟ್ಟೆಯಾಯಿತು. ಅವನ ಮನೆಯಲ್ಲಿ ಆಗ ಎರಡು ಫ್ರಿಜ್ಜು, ಎರಡು ಟೀವಿ. ಹೆಡ್‌ಮೇಡಂ ಆಫೀಸರಮ್ಮನನ್ನು ಕೈಹಿಡಿದು ಬಾವಿ ತೋರಿಸಲು ಕರೆದೊಯ್ದರು. ನೋಡಿದ ಮನೆಯನ್ನು ಮತ್ತೆ ಯಾರು ನೋಡುತ್ತಾರೆ, ಎಲ್ಲಾ ಕಂಡಕ್ಟರನ ಮನೆಗೇ ತಳ್ಳಿ ಎಂದ ಟೈಲರ್.

ಮುಂಬಾಗಿಲಿನಿಂದ ಆಫೀಸರಮ್ಮ ಒಂದೊಂದೇ ಮನೆ ಹೊಗುತ್ತ ಹೋದರು. ಅವರಿಗಿಂತ ಒಂದು ಮನೆ ಮುಂದೆ, ಹಿಂಬಾಗಿಲಿನಿಂದ ಸಾಮಾನು ಹೊರಡುತ್ತಿತ್ತು. ನೆಂದ ಬಟ್ಟೆ ತುಂಬಿದ್ದ ವಾಷಿಂಗ್ ಮೆಷಿನ್ ದಾರಿಯುದ್ದಕ್ಕೂ ನೀರು ಕಾರಿತು. ಐವತ್ತು ಸೀಟಿನ ಬಸ್ಸಿಗೆ ನೂರು ಜನ ತುಂಬಿದ್ದ ಕಂಡಕ್ಟರ್ ಬಾಗಿಲಲ್ಲಿ ನಿಂತು, ಫ್ರಿಜ್ಜು ಹಿಂದಕ್ಕೆ, ಟೀವಿ ಒತ್ತರಿಸಿಕೊಳ್ಳಲಿ ಎಂದು ತುರುಕಿಸಿದ. ಕೊನೆಗೆ ಹೆಡ್‌ಮೇಡಂ ಮನೆಯಿಂದ ನಾಲ್ವರು ಏನನ್ನೋ ಬೆಡ್‌ಶೀಟು ಹೊದಿಸಿ ಹೆಣದ ಹಾಗೆ ಹೊತ್ತು ತಂದರು. ಹೊಸಿಲಲ್ಲಿ ಬೆಡ್‌ಶೀಟು ಜಾರಿತು. ನಿಂತಲ್ಲೇ ನಡೆಯುವ ಮೆಷಿನ್. "ಡಾಕ್ಟ್ರು ಹೇಳಿದ್ದು," ಎಂದರು ಮೇಡಂ ಅವರ ಯಜಮಾನರು, ಯಾರೂ ಕೇಳದೆ.

ಎಂಟನೆಯ ಮನೆಯೂ ಮುಗಿಯಿತು. ಆಫೀಸರಮ್ಮ ಕೈಮುಗಿದು ಗೇಟು ದಾಟಿದರು. ಎಲ್ಲರೂ ಉಸಿರು ಬಿಡಬೇಕು, ಅಷ್ಟರಲ್ಲಿ ಹನಿ ಬಿತ್ತು. ಅವರಿಗೆ ಛತ್ರಿಯ ನೆನಪಾಯಿತು.

ಕಂಡಕ್ಟರ್ ನಾನು ತರುತ್ತೇನೆಂದು ಓಡಿದ. ಅಷ್ಟರಲ್ಲಿ ಅವರು ಬಾಗಿಲು ತಳ್ಳಿಯಾಗಿತ್ತು. ಒಳಗೆ ಐದು ಫ್ರಿಜ್ಜು, ಏಳು ಟೀವಿ, ಮೂರು ವಾಷಿಂಗ್ ಮೆಷಿನ್. ನಡುವೆ ಕಂಡಕ್ಟರನ ಕುರ್ಚಿಯಲ್ಲಿ ಕಾಲು ಮೇಲೆತ್ತಿ ಏದುಸಿರು ಬಿಡುತ್ತಿದ್ದ ಟೈಲರ್.

ಆಫೀಸರಮ್ಮ ತುಂಬಾ ಹೊತ್ತು ನೋಡಿದರು. ಛಾವಣಿ ಹೋಯಿತು, ಅಡುಗೆಮನೆ ಹೋಯಿತು, ವಠಾರವೇ ಹೋಯಿತು ಎಂದುಕೊಂಡ ಕಂಡಕ್ಟರ್.

"ಒಂದೊಂದು ಮನೇಲೂ ನೆಲದ ಮೇಲೆ ಬೆಳ್ಳಗೆ ಚೌಕ ಚೌಕ ಗುರುತಿತ್ತು," ಎಂದರು ಅವರು. "ಅಲ್ಲಿದ್ದ ಸಾಮಾನು ಎಲ್ಲಿ ಅಂತ ಆಗ್ಲಿಂದ ಯೋಚಿಸ್ತಿದ್ದೆ. ಎಲ್ಲಾ ಒಂದೇ ಕಡೆ ತಂದಿಟ್ಟು ಹಂಚ್ಕೊಂಡು ಬಳಸ್ತಿದೀರಾ. ನಾನು ಕೂರ್ಲಿ ಅಂತ ಪಾಪ, ಬೆಳಿಗ್ಗೆ ಇಷ್ಟನ್ನೂ ಹೊರಗೆ ಹೊತ್ತಿದ್ರಾ?"

ಕಂಡಕ್ಟರ್ ಬಾಯಿ ತೆರೆದ. ಹೆಡ್‌ಮೇಡಂ ಅವನ ಕಾಲು ತುಳಿದು, ಇಪ್ಪತ್ತೆರಡು ವರ್ಷದಿಂದ ಹೀಗೇ ನಡೆದು ಬಂದಿದೆ ಎಂದರು.

ಹಣ ಅಲ್ಲೇ ಮಂಜೂರಾಯಿತು. ಷರತ್ತು ಒಂದೇ: ಈ ಏರ್ಪಾಡು ಹೀಗೇ ಇರಬೇಕು. ಐದು ವರ್ಷ ಅವರು ಯಾವಾಗ ಬೇಕಾದರೂ ಹೇಳದೆ ಬಂದು ನೋಡುತ್ತಾರೆ.

ಸಂಜೆ ಎಂಟೂ ಸಂಸಾರ ಕಂಡಕ್ಟರನ ಮನೆಯಲ್ಲಿತ್ತು. ತಣ್ಣೀರಿಗೆ ಬಂದವರು ಟೀವಿಗೆ ಕೂತರು, ಬಟ್ಟೆ ಒಗೆಯಲು ಬಂದವರು ಮಾತಿಗೆ ಕೂತರು. ಟೈಲರ್ ಆ ಕುರ್ಚಿಯಲ್ಲೇ ನಿದ್ದೆಹೋಗಿ ಗೊರಕೆ ತೆಗೆದ. ಹೆಡ್‌ಮೇಡಂ ಮೆಷಿನ್ ಮೇಲೆ ನಡೆಯುತ್ತಲೇ ಹಾಜರಿ ಕರೆದರು. ಅವನು ಬೆಚ್ಚಿ "ಹಾಜರ್" ಎಂದ. ಇಪ್ಪತ್ತೆರಡು ವರ್ಷದ ಹಿಂದಿನ ನಗು ಕೋಣೆಯ ತುಂಬ ಎದ್ದಿತು.

"ಯಾಕ್ರೀ ಬಾಗಿಲಲ್ಲೇ ನಿಂತಿದೀರಾ?" ಎಂದಳು ಕಂಡಕ್ಟರನ ಹೆಂಡತಿ ಒಳಗಿನಿಂದ.

"ಕೂರೋಕೆ ಎಲ್ಲಿದೆ?"

ಅಷ್ಟರಲ್ಲಿ ಏಳನೆಯ ಮನೆಯ ಅತ್ತೆ ಸೊಸೆ ದಿಂಬು ಹಿಡಿದು ಮತ್ತೆ ಬಂದರು. ಕಂಡಕ್ಟರ್ ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ದಾರಿ ಬಿಟ್ಟ. ಬಾಯಿಂದ ಮಾತು ತಾನಾಗಿ ಬಂತು.

"ಒಳಗೆ ಹೋಗಿ, ಒಳಗೆ ಹೋಗಿ. ಹಿಂದೆ ಜಾಗ ಇದೆ."