ಎತ್ತರದ ಹ್ಯಾಂಡಲ್ ಮತ್ತು ರಾಜಿ ಓಣಿ

ಯದುಲ್ಲಾನ ಬೆನ್ನು ಬಾಗಿದ್ದು ವಯಸ್ಸಿನಿಂದಲ್ಲ, ನಮಾಜಿನಿಂದ ಅಂತೂ ಖಂಡಿತ ಅಲ್ಲ, ಭಾವಮೈದುನನಿಂದ. ಈ ಸತ್ಯವನ್ನು ಅವನು ಇರಾನಿನ ಯಜ್ದ್ ಊರಿನ ಮಿಠಾಯಿ ಅಂಗಡಿಗಳಲ್ಲೆಲ್ಲ ಡಂಗುರ ಹೊಡೆದಿದ್ದ. ಕುತ್ತಾಬ್, ಬಕ್ಲಾವದ ಡಬ್ಬಿಗಳನ್ನು ಮೋಟಾರ್‌ಸೈಕಲ್ಲಿನ ಮೇಲೆ ಪೇರಿಸಿಕೊಂಡು ಅಂಗಡಿಯಿಂದ ಅಂಗಡಿಗೆ ಸಾಗಿಸುವುದೇ ಅವನ ಕಸುಬಾದ್ದರಿಂದ ಡಂಗುರಕ್ಕೆ ಬೇರೆ ಓಡಾಟ ಬೇಕಿರಲಿಲ್ಲ.

ಆದದ್ದು ಇಷ್ಟು. ಅವನ ಹೆಂಡತಿ ಇಫ್ಫತ್‌ಳ ತಮ್ಮ ಜಲೀಲ್ ಮೋಟಾರ್‌ಸೈಕಲ್ ಮೆಕ್ಯಾನಿಕ್. ಅವನಿಗೆ ಒಂದು ದಿನ ಅಕ್ಕನ ಗಂಡನ ಮೇಲೆ ಪ್ರೀತಿ ಉಕ್ಕಿ (ಯದುಲ್ಲಾನ ಪ್ರಕಾರ ಉಕ್ಕಿದ್ದು ಬೇರೆ ಏನೋ), ಗಾಡಿಯ ಹಳೇ ಹ್ಯಾಂಡಲ್ ಕಿತ್ತು, ರೇಸಿನವರು ಹಾಕಿಸಿಕೊಳ್ಳುವಂಥ ತಗ್ಗು ಹ್ಯಾಂಡಲ್ ಕೂರಿಸಿಬಿಟ್ಟ. "ನಮ್ಮ ಓಣಿಗಳಿಗೆ ಇದೇ ಸರಿ ಭಾವ. ಅಗಲ ಇಲ್ಲ. ಮೈಭಾರ ಮುಂದಕ್ಕೆ ಬೀಳೋದ್ರಿಂದ ತಿರುವಲ್ಲಿ ಮುಂದಿನ ಚಕ್ರ ನೆಲ ಕಚ್ಕೊಂಡು ಹೋಗುತ್ತೆ. ತಿರುಗಿಸ್ಬೇಕು ಅಂತ ನೀವು ಅಂದ್ಕೊಳ್ಳೋದ್ರೊಳಗೆ ಗಾಡಿ ತಿರುಗಿರುತ್ತೆ" ಅಂದ.

ಸುಳ್ಳಲ್ಲ. ಗಾಡಿ ಹೇಳಿದಂತೆ ಕೇಳುತ್ತಿತ್ತು. ಕೇಳದಿದ್ದದ್ದು ಯದುಲ್ಲಾನ ಮೈ. ಆ ಹ್ಯಾಂಡಲ್ ಕೈಗೆ ಸಿಗಬೇಕಾದರೆ ಟ್ಯಾಂಕಿನ ಮೇಲೆ ಬೋರಲು ಬೀಳಬೇಕು, ದಾರಿ ಕಾಣಬೇಕಾದರೆ ಹಾಗೇ ಕತ್ತೆತ್ತಬೇಕು. ಸಂಜೆ ಹೊತ್ತಿಗೆ ಮಣಿಕಟ್ಟು ಊದಿಕೊಂಡು ಟೀ ಲೋಟ ಹಿಡಿಯಲೂ ಆಗುತ್ತಿರಲಿಲ್ಲ. ಸೊಂಟ ನೆಟ್ಟಗಾಗಲು ಇಫ್ಫತ್ ಮೊಣಕಾಲು ಊರಿ ಒತ್ತಬೇಕಾಗುತ್ತಿತ್ತು, ಒತ್ತುವಾಗ ಅವಳು ಅಷ್ಟೇನೂ ಕರುಣೆ ತೋರಿಸುತ್ತಿರಲಿಲ್ಲ.

"ಆ ಜಲೀಲ್‌ಗೆ ಹ್ಯಾಂಡಲ್ಲಿಗೂ ಕತ್ತೆ ಬಾಲಕ್ಕೂ ವ್ಯತ್ಯಾಸ ಗೊತ್ತಿಲ್ಲ" ಎಂದು ಯದುಲ್ಲಾ ಟೀ ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಅಂದ. ಮಾತು ಅವನಿಗಿಂತ ಮುಂಚೆ ಗ್ಯಾರೇಜು ತಲುಪಿತು. ಅಲ್ಲಿಂದ ಉತ್ತರವೂ ಬಂತು: "ಹ್ಯಾಂಡಲ್ ಸರಿಯಾಗೇ ಇದೆ. ಅದಕ್ಕೂ ಭಾವನಿಗೂ ಮಧ್ಯೆ ಒಂದು ಹೊಟ್ಟೆ ಇದೆಯಲ್ಲ, ಅದನ್ನ ಯಾವ ಮೆಕ್ಯಾನಿಕ್ಕೂ ಬಿಚ್ಚೋಕಾಗಲ್ಲ."

ಅಲ್ಲಿಗೆ ಮಾತುಕತೆ ಮುಗಿಯಿತು. ನೌರೂಜ್ ಹಬ್ಬದ ಊಟಕ್ಕೆ ಒಂದೇ ಹಾಸಿನ ಸುತ್ತ ಕೂತು ಇಬ್ಬರೂ ಗೋಡೆ ನೋಡುತ್ತ ಅನ್ನ ತಿಂದರು.

ಇದೆಲ್ಲ ನಗೆಪಾಟಲಾಗಿಯೇ ಉಳಿಯುತ್ತಿತ್ತೇನೋ. ಆದರೆ ಈ ಚಳಿಗಾಲದಲ್ಲಿ ಮಾವ ಹಾಜಿ ತಖೀ ಹಾಸಿಗೆ ಹಿಡಿದರು. ಆಯುಸ್ಸಿಡೀ ಮಗ್ಗದ ಮುಂದೆ ಕೂತು ರೇಷ್ಮೆ ನೇಯ್ದ ಮನುಷ್ಯನಿಗೆ ಈಗ ಉಸಿರು ಎಳೆದುಕೊಳ್ಳುವುದೇ ಒಂದು ದುಡಿಮೆಯಾಗಿತ್ತು. ಡಾಕ್ಟರು ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ ಅಂದರು. ಅದರ ಅರ್ಥ ಎಲ್ಲರಿಗೂ ಗೊತ್ತು. ಮುದುಕರು ಬೇಡಿದ್ದು ಒಂದೇ: "ಅವರಿಬ್ರೂ ನನ್ನ ಕಣ್ಣೆದುರು ಒಂದ್ಸಲ ಒಟ್ಟಿಗೆ ಕೂತು ಟೀ ಕುಡೀಲಿ. ನೋಡ್ಬಿಟ್ಟು ಹೋಗ್ತೀನಿ."

"ರೀ, ಇವತ್ತು ಜಲೀಲ್ ಹತ್ರ ಹೋಗಿ" ಅಂದಳು ಇಫ್ಫತ್. "ಈ ಹ್ಯಾಂಡಲ್ ಬದಲಾಯಿಸ್ಕೊಡಪ್ಪಾ ಅಂತ ಕೇಳಿ. ನಿಮ್ಮ ಬೆನ್ನಿಗೂ ಒಳ್ಳೇದು, ನಮ್ಮಪ್ಪನಿಗೂ ಒಳ್ಳೇದು."

"ಬೇಕಾದ್ರೆ ಅವನೇ ಬರಲಿ."

"ಅವನೂ ಅದನ್ನೇ ಹೇಳ್ತಾನೆ."

"ನೋಡಿದ್ಯಾ? ಎಂಥ ಹಟಮಾರಿ ವಂಶ ನಿಮ್ದು!"

"ಸಾಯ್ತಾ ಇರೋದು ನಮ್ಮಪ್ಪ ಕಣ್ರೀ, ನಿಮ್ಮ ಹ್ಯಾಂಡಲ್ ಅಲ್ಲ."

ಈ ಮಾತು ಯದುಲ್ಲಾನಿಗೆ ನಾಟಿತು. ನಾಟಿದ ಮನುಷ್ಯ ಗ್ಯಾರೇಜಿಗೆ ಹೋದ. ಆದರೆ ಜಲೀಲ್‌ನ ಗ್ಯಾರೇಜಿಗಲ್ಲ, ಅದರಾಚೆ ಬೀದಿಯ ಇನ್ನೊಂದಕ್ಕೆ. ಬೆನ್ನು ನೆಟ್ಟಗಾದ ಮೇಲೆ ನೆಟ್ಟಗೆ ಕೂತು ರಾಜಿ ಮಾಡಿಕೊಳ್ಳೋಣ ಎಂಬುದು ಅವನ ಘನವಾದ ರಾಜತಾಂತ್ರಿಕ ಯೋಜನೆ.

ಅಲ್ಲಿ ಅವನು ಆರಿಸಿದ್ದು ಅಂಗಡಿಯಲ್ಲೇ ಅತಿ ಎತ್ತರದ, ಅತಿ ಅಗಲದ ಹ್ಯಾಂಡಲ್. ಟಗರಿನ ಕೊಂಬಿನ ಹಾಗೆ ಮೇಲೆದ್ದು ಹಿಂದಕ್ಕೆ ಬಾಗಿತ್ತು. ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಹಳೇ ಕೇಬಲ್ ಇದಕ್ಕೆ ಸಾಲಲ್ಲ, ಉದ್ದದ್ದು ತರಿಸ್ಬೇಕು. ಪೂರ್ತಿ ತಿರುಗಿಸಿದ್ರೆ ಎಕ್ಸಿಲರೇಟರ್ ತಾನಾಗೇ ಎಳ್ಕೊಂಡ್ಬಿಡುತ್ತೆ."

"ನಾನು ಯಾವುದನ್ನೂ ಪೂರ್ತಿ ತಿರುಗಿಸೋ ಮನುಷ್ಯ ಅಲ್ಲ. ಬಿಗಿ" ಅಂದ ಯದುಲ್ಲಾ. ಸಂಜೆಯೊಳಗೆ ಎದೆಯೆತ್ತಿಕೊಂಡು ಜಲೀಲ್‌ನ ಗ್ಯಾರೇಜಿನ ಮುಂದೆ ಹಾದು ಹೋಗುವುದಿತ್ತಲ್ಲ, ಕೇಬಲ್ಲಿಗೆಲ್ಲ ಕಾಯುವಷ್ಟು ವ್ಯವಧಾನ ಎಲ್ಲಿಂದ ಬರಬೇಕು?

ಆಹಾ, ಏನು ಸುಖ! ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ. ಸಿಂಹಾಸನವೇರಿದ ಶಹನಿಗೂ ಇಂಥ ಆಸನ ಇದ್ದಿರಲಾರದು. ಮುಖ್ಯರಸ್ತೆಗೆ ಬಂದ ಮೇಲೆ ಮಾತ್ರ ಮರಳುಗಾಡಿನ ಗಾಳಿ ನೇರ ಎದೆಗೇ ಬಡಿಯಿತು. ಮೇಲೆತ್ತಿದ ಕೈಗಳಿಗೆ ಜೋಮು ಹಿಡಿಯಿತು. ಮುಂದಿನ ಚಕ್ರದ ಮೇಲೆ ಭಾರವೇ ಇಲ್ಲದೆ, ತಿರುವಿನಲ್ಲಿ ಗಾಡಿ ಹೋಗಲೋ ಬೇಡವೋ ಎಂದು ಯೋಚಿಸತೊಡಗಿತು. ಆದರೂ ಜಲೀಲ್‌ನ ಗ್ಯಾರೇಜಿನ ಮುಂದೆ ಯದುಲ್ಲಾ ನಕ್ಕೊಂಡೇ ಹೋದ. ಜಲೀಲ್ ಒಮ್ಮೆ ನೋಡಿ, ಮತ್ತೆ ಕೈಲಿದ್ದ ಸ್ಪ್ಯಾನರಿನ ಕಡೆ ತಲೆ ತಗ್ಗಿಸಿದ.

ಮಾರನೇ ದಿನ ಮಧ್ಯಾಹ್ನ ಅತ್ತೆಯ ಫೋನ್ ಬಂತು. ಬೇಗ ಬನ್ನಿ, ಅಷ್ಟೇ. ಇಫ್ಫತ್ ಚಾದರ ಸುತ್ತಿಕೊಂಡು ಹಿಂದೆ ಹತ್ತಿದಳು. ಮಾವನ ಮನೆಗೆ ಬಜಾರು ಸುತ್ತಿ ಹೋಗಬಹುದು, ಇಲ್ಲವೇ ರಾಜಿ ಓಣಿಯಲ್ಲಿ ನುಗ್ಗಬಹುದು. ಎರಡೂ ಕಡೆ ಮಣ್ಣಿನ ಗೋಡೆ, ನಡುವೆ ಎದುರುಬದುರು ಬಂದವರು ಮೈಗೆ ಮೈ ತಾಗಿಸದೆ ದಾಟಲಾರರು. ಮುನಿಸಿಕೊಂಡವರು ಇಲ್ಲಿ ಎದುರಾದರೆ ಸಲಾಂ ಹೇಳಿ ರಾಜಿಯಾಗಿಯೇ ದಾಟಬೇಕು, ಹಿಂದಕ್ಕೆ ಸರಿದವನು ಸೋತಂತೆ. ಓಣಿ ಕಟ್ಟಿದ ಹಿರಿಯರ ಏರ್ಪಾಡು ಅದು.

ಓಣಿಯ ಅರ್ಧ ದಾರಿಯಲ್ಲಿ ಎದುರಿನಿಂದ ಇನ್ನೊಂದು ಮೋಟಾರ್‌ಸೈಕಲ್ ಬಂತು. ಮೇಲೆ ಜಲೀಲ್.

ಯದುಲ್ಲಾ ಗಾಬರಿಯಿಂದ ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸಿದ. ಇಂಜಿನ್ ತಾನಾಗಿಯೇ ಅಬ್ಬರಿಸಿತು, ಗಾಡಿ ನೆಗೆಯಿತು, ಹ್ಯಾಂಡಲ್ಲಿನ ಒಂದು ತುದಿ ಗೋಡೆಯಲ್ಲೂ ಇನ್ನೊಂದು ತುದಿ ಜಲೀಲ್‌ನ ಗಾಡಿಯ ಕನ್ನಡಿ, ಬ್ರೇಕಿನ ನಡುವೆಯೂ ಹೋಗಿ ಕಚ್ಚಿಕೊಂಡಿತು. ಇಂಜಿನ್ ಆರಿತು.

"ಆಗಾ ಯದುಲ್ಲಾ, ಗಾಡಿ ಹಿಂದಕ್ಕೆ ತಗೊಳ್ಳಿ" ಅಂದ ಜಲೀಲ್, ಭಾವ ಎಂಬ ಮಾತನ್ನು ನುಂಗಿಕೊಂಡು, ಹೊರಗಿನವರನ್ನು ಕರೆಯುವ ಹಾಗೆ ಆಗಾ ಎಂದು.

"ಓಣಿಗೆ ಮೊದಲು ಬಂದೋನು ನಾನು. ನೀನು ತಗೋ."

"ನಿಮ್ಮ ಹ್ಯಾಂಡಲ್ ಓಣಿಗಿಂತ ಅಗಲ ಇದೆ."

"ಓಣಿ ಕಿರಿದಾಗಿದ್ದರೆ ನನ್ನ ತಪ್ಪಾ?"

"ಇಬ್ರಿಗೂ ದೇವರು ಮಿದುಳು ಕೊಡ್ಲಿ!" ಎಂದು ಕೂಗಿದ ಇಫ್ಫತ್ ಕೆಳಗಿಳಿದು, ಚಾದರ ಎತ್ತಿಕಟ್ಟಿ, ಎರಡು ಹ್ಯಾಂಡಲ್ಲುಗಳ ಕೆಳಗೆ ನುಸುಳಿ ಆ ಕಡೆ ಓಡಿದಳು.

ಅವಳು ಹೋದ ಮೇಲೆ ಇಬ್ಬರಿಗೂ ನಾಚಿಕೆಯಾಯಿತು. ಜಲೀಲ್ ನೆಲ ನೋಡುತ್ತ ಅಂದ: "ಅಪ್ಪ ನಿಮ್ಮನ್ನ ಕರ್ಕೊಂಡು ಬಾ ಅಂದ್ರು. ನಿಮ್ಮ ಮನೆಗೇ ಹೊರಟಿದ್ದೆ."

ಯದುಲ್ಲಾ ಗಾಡಿಯಿಂದ ಇಳಿದ. "ಸಲಾಂ, ಜಲೀಲ್."

"ಸಲಾಂ, ಭಾವ."

ಇಬ್ಬರೂ ಕೆನ್ನೆಗೆ ಕೆನ್ನೆ ತಾಗಿಸಿ ಮುತ್ತಿಟ್ಟುಕೊಂಡರು. ಜಲೀಲ್ ಜೇಬಿನ ಸ್ಪ್ಯಾನರಿನಿಂದ ಕನ್ನಡಿ ಬಿಚ್ಚಿ ಗಾಡಿಗಳನ್ನು ಬಿಡಿಸಿದ. ಗಾಡಿಗಳನ್ನು ಅಲ್ಲೇ ಬಿಟ್ಟು ಇಬ್ಬರೂ ಓಡಿದರು. ಮನೆಯ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಮುದುಕರ ಉಸಿರು ಕೇಳುತ್ತಿತ್ತು. ಜಲೀಲ್ ಹೊಸ್ತಿಲ ಬಳಿ ಗಕ್ಕನೆ ನಿಂತು ಎದೆಯ ಮೇಲೆ ಕೈಯಿಟ್ಟ.

"ಬನ್ನಿ ಭಾವ, ಮೊದಲು ನೀವು."

"ಛೇ ಛೇ, ಎಲ್ಲಾದ್ರೂ ಉಂಟಾ? ಮನೆಮಗ ನೀನು. ನೀನು ಮುಂದೆ."

"ದೊಡ್ಡವರು ನೀವು. ನಿಮಗೆ ಬೆನ್ನು ಹಾಕಿ ನಾನು ಹೋಗೋದೇ?"

"ನನ್ನಾಣೆ, ನೀನು ನಡಿ."

"ನನ್ನ ಹೆಣ ದಾಟಿ ಹೋಗಿ, ಆದ್ರೆ ಮುಂದೆ ನೀವೇ ಹೋಗ್ಬೇಕು."

ಯಜ್ದಿನಲ್ಲಿ ಹುಟ್ಟಿದ ಗಂಡಸು ಇನ್ನೊಬ್ಬನಿಗಿಂತ ಮೊದಲು ಬಾಗಿಲು ದಾಟಿದರೆ ಅವನನ್ನು ಸಾಕಿದವರಿಗೇ ಅವಮಾನ. ಅದರಲ್ಲೂ ಇಷ್ಟು ಕಾಲ ಮಾತು ಬಿಟ್ಟವರು, ಹೊಸದಾಗಿ ರಾಜಿಯಾದವರು! ಮರ್ಯಾದೆಯಲ್ಲಿ ಯಾರೂ ಕಡಿಮೆ ಬೀಳುವಂತಿರಲಿಲ್ಲ. ಯದುಲ್ಲಾ ತೋಳು ಹಿಡಿದು ಒಳಕ್ಕೆ ತಳ್ಳಿದ, ಜಲೀಲ್ ಭುಜ ಹಿಡಿದು ಒಳಕ್ಕೆ ತಳ್ಳಿದ. ಇಬ್ಬರೂ ಹೊರಗೇ ಉಳಿದರು. ಬೆವರು ಬಂತು. ಪ್ರೀತಿಯೂ ಬಂತು.

ಇಫ್ಫತ್ ಅಂಗಳ ದಾಟಿ ಬಂದು ಹೊಸ್ತಿಲಾಚೆ ನಿಂತಳು. ಅವಳ ಮುಖ ನೋಡಿ ಇಬ್ಬರ ಕೈಗಳೂ ಕೆಳಗಿಳಿದವು.

"ಬಾಗಿಲಲ್ಲಿ ಯಾರು ಅಂತ ಅಪ್ಪ ಕೇಳಿದ್ರು. ಇಬ್ರೂ ಬಂದಿದಾರೆ ಅಂದೆ. ಮಾತಾಡ್ತಿದಾರಾ ಅಂದ್ರು. ಹೂಂ, ಕೇಳಿಸ್ತಿದೆಯಲ್ಲ ಅಂದೆ. ಮತ್ತೆ ಯಾಕೆ ಒಳಗೆ ಬರ್ತಿಲ್ಲ ಅಂದ್ರು." ಅವಳು ಚಾದರದ ಅಂಚನ್ನು ಬಾಯಿಗೆ ಒತ್ತಿಕೊಂಡಳು. "ನಾನು ಏನು ಹೇಳ್ಲಿ? ಒಬ್ಬರಿಗೊಬ್ಬರು ಉಪಚಾರ ಮಾಡ್ತಿದಾರೆ ಅಂದೆ. ಬಾಗಿಲ ಕಡೆ ಮುಖ ತಿರುಗಿಸಿಡು ಅಂದ್ರು. ತಿರುಗಿಸಿದೆ. ಟೀ ಲೋಟ ಎರಡೂ ಅಲ್ಲೇ ಇಟ್ಟಿದ್ದೆ. ಕಾಯ್ತಾನೇ ಇದ್ರು. ಈಗ ಕಾಯ್ತಾ ಇಲ್ಲ."

ಜಲೀಲ್ ಹೊಸ್ತಿಲ ಮೇಲೆ ಕುಸಿದು ಕೂತ. ಯದುಲ್ಲಾ ಅವನನ್ನು ದಾಟಿ ಒಳಗೆ ಹೋದ. ಯಾರೂ ತಡೆಯಲಿಲ್ಲ.

ಶವಯಾತ್ರೆಯಲ್ಲಿ ಇಬ್ಬರೂ ಹೆಗಲು ಕೊಟ್ಟರು. ನೋಡಿದ ಜನ, ಎಂಥ ಅನ್ಯೋನ್ಯ ಭಾವ ಭಾವಮೈದುನರು ಎಂದು ಹೊಗಳಿದರು. ಇಫ್ಫತ್ ಬೈಯಲಿಲ್ಲ, ಗಂಡನ ಮುಂದೆ ಅಳಲೂ ಇಲ್ಲ. ಬಡಿಸುತ್ತಿದ್ದಳು, ಬೆನ್ನಿಗೆ ಬಿಸಿ ಇಟ್ಟಿಗೆ ಇಡುತ್ತಿದ್ದಳು, ಮಾತು ಮಾತ್ರ ಇಲ್ಲ. ಗಾಡಿಯ ಹಿಂದೆ ಕೂರುವುದನ್ನೂ ಬಿಟ್ಟಳು. ದಿನಾ ತಾಯಿಯ ಮನೆಗೆ ನಡೆದೇ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಯದುಲ್ಲಾ ಗಾಡಿ ಬಿಟ್ಟು ನಡೆದು ಹೋಗಿ ರಾಜಿ ಓಣಿಯ ನಡುವೆ ನಿಂತ. ಅವಳು ಬಂದೇ ಬರಬೇಕು, ಎದುರಾಗಲೇ ಬೇಕು, ಸಲಾಂ ಅನ್ನಲೇ ಬೇಕು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡ. ಇಫ್ಫತ್ ಓಣಿಯ ಬಾಯಲ್ಲಿ ಕಾಣಿಸಿದಳು. ಅವನನ್ನು ನೋಡಿದಳು. ಚಾದರವನ್ನು ಬಿಗಿಯಾಗಿ ಸುತ್ತಿಕೊಂಡು ಹಿಂದಕ್ಕೆ ತಿರುಗಿ, ಬಿಸಿಲಿನಲ್ಲಿ ಬಜಾರಿನ ದಾರಿ ಹಿಡಿದಳು. ಸೋತಳು ಅಂದುಕೊಳ್ಳಲಿ ಬಿಡಿ ಎಂಬಂತಿತ್ತು ಆ ನಡಿಗೆ.

ಆಚೆಯಿಂದ ಹೆಜ್ಜೆ ಸಪ್ಪಳವಾಯಿತು. ಜಲೀಲ್ ಬಂದು ಗೋಡೆಗೆ ಒತ್ತಿ ನಿಂತು, ಎದೆಯ ಮೇಲೆ ಕೈಯಿಟ್ಟು, ಅಳು ತಡೆಯುತ್ತ ಅಂದ: "ಹೋಗಿ ಭಾವ, ಮೊದಲು ನೀವು."

ಹೋಗಬೇಕಾದ ಕಡೆ ಎಂಬುದೇ ಯದುಲ್ಲಾನಿಗೆ ಇರಲಿಲ್ಲ. ಎದುರಿನ ಗೋಡೆಗೆ ಅವನೂ ಒತ್ತಿ ನಿಂತುಕೊಂಡ.